ಚತುರ್ದಶಿಯ ಸೂಜಿ

ಸೂಜಿ ಮಾಡಿಸಿಕೊಂಡು ಬೆಂಚಿನ ಮೇಲೆ ಕುಳಿತಿದ್ದ ಜಿನಮತಿ, ಪಕ್ಕದಲ್ಲಿದ್ದ ನೆಗೆಣ್ಣಿ ಸೋನಾಬಾಯಿಯ ಹೆಗಲಿಗೆ ಒರಗಿದವಳು ಹಾಗೆಯೇ ಜಾರಿ ನೆಲಕ್ಕೆ ಬಿದ್ದಳು. ಅಲಖನೂರಿನ ಶಾಲೆಯ ಆ ಕೋಣೆಯಲ್ಲಿ ಪಾಳಿ ಹಚ್ಚಿ ನಿಂತಿದ್ದ ಹೆಂಗಸರೆಲ್ಲ ಒಮ್ಮೆಲೇ ಓಡಿದರು. ಓಡಿದ್ದು ಅವಳ ಕಡೆಗಲ್ಲ, ಬಾಗಿಲ ಕಡೆಗೆ.

"ಅಯ್ಯಯ್ಯೋ, ಅಕ್ಕಾಗ ಎಂಥಾ ಸೂಜಿ ಮಾಡಿದ್ರಿ? ಏನೈತಿ ಅದರಾಗ, ಹೇಳ್ರಿ!" ಸೋನಾಬಾಯಿ ಕಿರುಚಿದಳು.

ಬೆಳಗಾವಿಯಿಂದ ಬಂದಿದ್ದ ಡಾಕ್ಟರು ಸುಳ್ಳು ಹೇಳಲು ಬಾರದ ಮನುಷ್ಯ. ಅವತ್ತಿಗೆ ಅದೇ ದೊಡ್ಡ ಅವಾಂತರವಾಯಿತು. "ಡೆಂಗ್ಯೂ ಲಸಿಕೆನೂ ಇರಬಹುದು, ಬರೇ ಉಪ್ಪುನೀರೂ ಇರಬಹುದು. ಯಾರಿಗೆ ಯಾವುದು ಅಂತ ನನಗೂ ಗೊತ್ತಿಲ್ರಿ. ಪರೀಕ್ಷೆ ಮುಗಿಯೋ ತನಕ ಗೊತ್ತಾಗಬಾರದು," ಎಂದರು. ಇದೇ ಮಾತನ್ನು ಅವರು ಹೋದ ವಾರವೂ ಹೇಳಿದ್ದರು. ಆಗ ಎಲ್ಲರೂ ತಿಳಿದವರ ಹಾಗೆ ಗೋಣು ಹಾಕಿದ್ದರು.

"ಕೇಳಿದ್ರೇನ? ಚುಚ್ಚಿದವ್ರಿಗೇ ಗೊತ್ತಿಲ್ಲಂತ!" ಬಾಗಿಲಲ್ಲಿದ್ದ ಯಾರೋ ಅಂದರು. ಇಬ್ಬರು ಆಗಲೇ ಚಪ್ಪಲಿ ಹುಡುಕತೊಡಗಿದ್ದರು.

ಇವರನ್ನೆಲ್ಲ ಕರೆತಂದವಳೇ ಜಿನಮತಿ. ಹೋದ ವರ್ಷ ಅವಳ ಮಗಳು ಬ್ರಾಹ್ಮಿ ಡೆಂಗ್ಯೂ ಆಗಿ ಮಿರಜದ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದಳು. ಆ ಜ್ವರಕ್ಕೆ ಲಸಿಕೆ ಬರುವುದಿದೆ, ಮೊದಲು ಒಪ್ಪಿ ಬಂದವರ ಮೇಲೆ ಪರೀಕ್ಷೆ ಮಾಡುತ್ತಾರೆ ಎಂದು ಕೇಳಿದ್ದೇ ತಡ, ಅವಳಿಗೆ ಬೇರೆ ಧ್ಯಾಸವೇ ಇರಲಿಲ್ಲ. "ನನ್ನ ಮಗಳಿಗಂತೂ ಆಗಲಿಲ್ಲ. ನಿಮ್ಮ ಮಕ್ಕಳಿಗರೆ ಆಗಲಿ, ಬರ್ರಿ," ಎಂದು ಅಂದು ಬೆಳಿಗ್ಗೆಯೂ ಬಿಸಿಲಲ್ಲಿ ಮನೆಮನೆ ತಿರುಗಿದ್ದಳು. ಇವತ್ತು ಜನ ಸಾಲದಿದ್ದರೆ ಡಾಕ್ಟರು ಬೇರೆ ಊರು ನೋಡಿಕೊಳ್ಳುವವರಿದ್ದರು.

ನರ್ಸ್ ನೀಲಮ ಅದೇ ಊರಿನ ಹುಡುಗಿ. ಜಿನಮತಿಯ ಮುಖಕ್ಕೆ ನೀರು ಚಿಮುಕಿಸಿ, ನಾಡಿ ಹಿಡಿದು ನೋಡಿ, ಕಿವಿಯ ಹತ್ತಿರ ಬಾಗಿದಳು. "ಕಾಕೂ, ನಾಷ್ಟಾ ಮಾಡೀರಿಲ್ಲ?"

ಜಿನಮತಿ ಕಣ್ಣು ತೆರೆದಳು. "ಇವತ್ತ ಚತುರ್ದಶಿ. ನೀರ ಸೈತ ಮುಟ್ಟಿಲ್ಲ."

"ಉಂಡ ಬರ್ರಿ ಅಂತ ಎಷ್ಟ ಸಲ ಹೇಳಿದ್ನಿ! ಮುಂಜಾನೆ ಎಲ್ಲಾರ್ನೂ ಕೇಳಿದಾಗರೆ ಬಾಯಿ ಬಿಡಬಾರದಾಗಿತ್ತೇನ್ರಿ?"

"ಬ್ರಾಹ್ಮಿ ಹೆಸರಲೇ ಈ ಪರೀಕ್ಷೆಗೆ ಮೈ ಒಡ್ಡಾಕ ಬಂದೀನಿ. ಉಂಡ ಹೊಟ್ಟೀಲೆ ಹೆಂಗ ಬರ್ಲೆ?"

ನೀಲಮ ಎದ್ದು ಬಾಗಿಲ ಕಡೆ ತಿರುಗಿದಳು. "ಸೂಜಿದೇನೂ ಇಲ್ರಿ. ಕಾಕೂ ಉಪವಾಸ ಅದಾರ, ಅದಕ್ಕ ಚಕ್ಕರ್ ಬಂದೈತಿ!"

"ಸುಳ್ಳ ಹೇಳಬ್ಯಾಡ," ಸೋನಾಬಾಯಿ ಅಂದಳು. "ಪರ್ವದಾಗ ದಿನಾ ದಿನಾ ಉಪವಾಸ ಮಾಡಿ ಹೊಲದಾಗ ದುಡದಾಕಿ ಈಕಿ. ಒಂದ ಚತುರ್ದಶಿಗೆ ಬೀಳ್ತಾಳ?"

ನೀಲಮ ಅವಸರದಲ್ಲಿ ಒಂದು ತಂಬಿಗೆ ನೀರಿಗೆ ಸಕ್ಕರೆ ಕಲಸಿ ತಂದು ಜಿನಮತಿಯ ಬಾಯಿಗೆ ಹಿಡಿದಳು. "ಕುಡೀರಿ. ಕುಡದು ಎದ್ದ ನಿಂತ್ರ ಎಲ್ಲಾರೂ ನಂಬ್ತಾರ. ಸಲಾಯಿನ್ ಹಚ್ಚಿದ್ನೆಂದ್ರ ಒಬ್ಬಾಕಿನೂ ಇಲ್ಲಿ ಉಳಿಯಾಂಗಿಲ್ಲ."

"ನಾಳೆ ಮುಂಜಾನೆ ಹೊತ್ತ ಹೊಂಡೂತನಕ ನೇಮ ಐತಿ, ನೀಲಮ."

ಜಿನಮತಿ ತಂಬಿಗೆ ನೋಡಿದಳು, ಬಾಗಿಲು ನೋಡಿದಳು. ಹೊರಗೆ ಹೆಂಗಸರು ಸೆರಗು ಹೊದ್ದುಕೊಂಡು ಒಬ್ಬೊಬ್ಬರಾಗಿ ಮೆಟ್ಟಿಲು ಇಳಿಯುತ್ತಿದ್ದರು. ಬಸದಿಯಲ್ಲಿ ಕೈಮುಗಿದು ಹೊತ್ತ ನೇಮ ಇದು. ಮದುವೆಯಾಗಿ ಈ ಊರಿಗೆ ಬಂದಾಗಿನಿಂದ ಒಂದನ್ನೂ ಮುರಿದವಳಲ್ಲ. ಹಾಗಂತ ಹೀಗೇ ಮಲಗಿದ್ದರೆ ಇವರು ಇನ್ನು ಈ ಕೋಣೆಗೆ ಕಾಲಿಡುವುದಿಲ್ಲ. ಯಾವುದು ಪಾಪ, ಯಾವುದು ಪುಣ್ಯ? ಅಥವಾ ಸೋನಾಬಾಯಿ ಹೇಳುವುದೇ ಖರೆಯೋ ಏನೋ, ನಿಜವಾಗಿಯೂ ಆ ಸೂಜಿಯೇ ಬೀಳಿಸಿತೋ ಏನೋ. ತಲೆ ಸುತ್ತುತ್ತಿರುವುದು ಹಸಿವಿಗೋ, ಮದ್ದಿಗೋ, ಈ ಯೋಚನೆಗೋ ಅವಳಿಗೇ ತಿಳಿಯಲಿಲ್ಲ. ಕೇಳೋಣವೆಂದರೆ ಡಾಕ್ಟರಿಗೂ ಗೊತ್ತಿಲ್ಲ.

ಕಣ್ಣು ಮುಚ್ಚಿ ಣಮೋಕಾರ ಮಂತ್ರ ಅಂದುಕೊಂಡಳು. ತಪ್ಪಾಯಿತೆಂದು ಮನಸ್ಸಿನಲ್ಲೇ ಕೈಮುಗಿದಳು. ಆಮೇಲೆ ತಂಬಿಗೆ ಎತ್ತಿ ಗಟಗಟನೆ ಕುಡಿದುಬಿಟ್ಟಳು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

ಸ್ವಲ್ಪ ಹೊತ್ತಿಗೆ ಮುಖಕ್ಕೆ ಕಳೆ ಬಂತು. ಕಿಟಕಿಯ ಸರಳು ಹಿಡಿದು ಎದ್ದಳು, ಸೀರೆ ಸರಿಮಾಡಿಕೊಂಡು ಯಾರ ಆಸರೆಯೂ ಇಲ್ಲದೆ ಬಾಗಿಲ ತನಕ ನಡೆದಳು. ನೀಲಮಳಿಗೆ ಹೋದ ಜೀವ ಬಂದಂತಾಯಿತು. ಡಾಕ್ಟರು ಹಣೆ ಒರೆಸಿಕೊಂಡರು.

"ನೋಡ್ರಿ, ನೆಟ್ಟಗ ನಿಂತೀನಿ," ಜಿನಮತಿ ಕೂಗಿ ಹೇಳಿದಳು. "ಸೂಜಿದಲ್ಲ, ಹಸಿವಿದು. ನೇಮ ಬಿಟ್ಟ ಸಕ್ಕರಿ ನೀರ ಕುಡದ್ನಿ, ಈಗ ಆರಾಮ ಅದೀನಿ. ಹೆದರಬ್ಯಾಡ್ರಿ, ಒಳಗ ಬರ್ರಿ."

ಮೆಟ್ಟಿಲ ಮೇಲಿದ್ದವರು ನಿಂತರು. ಆದರೆ ಒಬ್ಬರೂ ಒಳಗೆ ಬರಲಿಲ್ಲ. ಎಲ್ಲರ ಕಣ್ಣೂ ಅವಳ ಒದ್ದೆ ತುಟಿಯ ಮೇಲಿತ್ತು. ಸೋನಾಬಾಯಿ ಹಿಂದೆ ಹಿಂದೆ ಸರಿಯುತ್ತ ಅವರ ನಡುವೆ ಹೋಗಿ ನಿಂತಳು. ಅವಳ ಮುಖ ಬಿಳುಚಿಕೊಂಡಿತ್ತು.

"ಬ್ರಾಹ್ಮಿ ತೀರಿದ ದಿನಾನೂ ಅಕ್ಕಾ ನೇಮ ಮುರದಿದ್ದಿಲ್ಲ," ಅಂದಳು. "ಏನ ಹಾಕ್ಯಾರವ್ವಾ ಆ ಸೂಜ್ಯಾಗ!"