ಎರಡು ಬೆರಳೆತ್ತರ

“ಈ ಸಲ ದೊಡ್ಡ ಟೈರೇ ಹಾಕು,” ಎಂದ ಮುರಾಂಗ್.

ಲಾವಾಸ್ ಪೇಟೆಯ ಟೈರಂಗಡಿಯ ಸೆಂಗ್ ನಕ್ಕ. “ಅಂತೂ ಆಂಟಿ ಒಪ್ಪಿದ್ರಾ ಅಂಕಲ್? ಬೆಟ್ಟದ ಕೆಸರಿಗೆ ಇದೇ ಸರಿ ಅಂತ ಹೋದ್ಸಲ ಎಷ್ಟು ಬಡ್ಕೊಂಡೆ. ಮಂಡಿ ನೋವು, ಗಾಡಿ ಎತ್ತರ ಆದ್ರೆ ಹತ್ತಕ್ಕಾಗಲ್ಲ ಅಂದ್ಬಿಟ್ರು.”

“ಅವಳನ್ನ ಆಸ್ಪತ್ರೆಗೆ ಕರ್ಕೊಂಡು ಬರ್ತಿದ್ದೆ. ದಾರೀಲಿ ಗಾಡಿ ಹೂತೋಯ್ತು. ಆರು ಗಂಟೆ ಚಕ್ರ ನಿಂತಲ್ಲೇ ತಿರುಗ್ತು.” ಮುರಾಂಗ್ ಟೈರಿನ ಹಲ್ಲುಗಳನ್ನು ಸವರುತ್ತಲೇ ಇದ್ದ. “ಉಸಿರು ನಿಲ್ಲೋ ಮುಂಚೆ ಏನಂದ್ಲು ಗೊತ್ತಾ? ‘ನನ್ನ ಮಂಡಿಯಿಂದ ಹೀಗಾಯ್ತು, ಬೈಕೋಬೇಡಿ’ ಅಂದ್ಲು.”

ಸೆಂಗ್ ನಾಲ್ಕೂ ಚಕ್ರ ಕೂಡಿಸಿ ಗಾಡಿ ಇಳಿಸಿದ. ಮುರಾಂಗ್ ಅಭ್ಯಾಸಬಲದಿಂದ ಎಡಗಡೆಯ ಬಾಗಿಲು ತೆರೆದು, ಸೀಟಿನ ಹಿಂದಿದ್ದ ಕಾಲುಮಣೆಯನ್ನು ನೆಲಕ್ಕಿಟ್ಟ. ಹೆಂಡತಿ ಲಿತಾದ್ ಹತ್ತಲೆಂದು ತಾನೇ ಮಾಡಿಕೊಟ್ಟಿದ್ದ ಮಣೆ. ಮಣೆಯಿಂದ ಬಾಗಿಲ ಹೊಸ್ತಿಲಿಗೆ ಮೊದಲು ಸರಿಯಾಗಿ ಒಂದು ಗೇಣಿತ್ತು. ಈಗ ಗೇಣು ಹಾಕಿ ನೋಡಿದ. ಮೇಲೆ ಎರಡು ಬೆರಳು ಉಳಿಯಿತು. ಇನ್ನೊಮ್ಮೆ ಹಾಕಿ ನೋಡಿದ. ಅಷ್ಟೇ.

“ಸೆಂಗ್,” ಎಂದ, ಮಣೆಯ ಮುಂದೆ ಕೂತಲ್ಲಿಂದ ಏಳದೆ. “ಇದರ ಮೇಲೆ ಒಂದು ಹಲಗೆ ಹೊಡೆದಿದ್ರೆ ಸಾಕಾಗ್ತಿತ್ತಲ್ಲೋ.”