ನೇರ ಸಂವಾದ

ಕೇರಳದ ರಾಜಧಾನಿಯಲ್ಲಿ, ತಂಪಾನೂರಿನ ಒಂದು ಸಭಾಂಗಣದಲ್ಲಿ ಅರವತ್ತು ಕುರ್ಚಿಗಳಿದ್ದವು, ದೊಡ್ಡ ಪಾತ್ರೆ ತುಂಬ ಚಹಾ ಇತ್ತು, ಬಾಳೆಲೆ ಮುಚ್ಚಿದ ಬುಟ್ಟಿಯಲ್ಲಿ ಪರಿಪ್ಪುವಡೆ ಇತ್ತು. ಜನ ಮಾತ್ರ ಇರಲಿಲ್ಲ. ಕೊಚ್ಚಿಯಿಂದ ನಸುಕಿನ ರೈಲು ಹಿಡಿದು ಬಂದಿದ್ದ ಸುಮಿತ್ರ ಬಾಗಿಲಲ್ಲೇ ನಿಂತು ಕೈಯಲ್ಲಿದ್ದ ಸುತ್ತೋಲೆಯನ್ನು ಇನ್ನೊಮ್ಮೆ ಓದಿದಳು. 'ಅಖಿಲ ಭಾರತ ಸ್ಕಿಪ್ಪಿಂಗ್ ಮಹಾಮಂಡಳ. ತಳಮಟ್ಟದ ಸದಸ್ಯರೊಂದಿಗೆ ಅಧ್ಯಕ್ಷರ ನೇರ ಸಂವಾದ.' ಸ್ಥಳವೂ ಇದೇ, ದಿನವೂ ಇವತ್ತೇ, ಗಂಟೆಯೂ ಹನ್ನೊಂದೇ.

"ಮೀಟಿಂಗ್ ಕೊಚ್ಚಿಯಿಲಾಣ್, ಚೇಚಿ," ಸಭೆ ಕೊಚ್ಚಿಯಲ್ಲಿ, ಅಕ್ಕಾ ಎಂದು ಮಲಯಾಳದಲ್ಲಿ ಹೇಳಿದ ಹಾಲ್ ನೋಡಿಕೊಳ್ಳುವ ಜೋಸೆಫ್. ಕೊಚ್ಚಿಯ ಸದಸ್ಯರಿಗೆ ಅನುಕೂಲವಾಗಲೆಂದು ಸಭೆಯನ್ನು ಅಲ್ಲಿಯ ಪಾಲಾರಿವಟ್ಟಂಗೆ ಬದಲಾಯಿಸಿದ್ದಾರಂತೆ. ನಾಲ್ಕು ದಿನದ ಹಿಂದೆಯೇ ವೆಬ್‌ಸೈಟಿನಲ್ಲಿ ಹಾಕಿದ್ದಾರಂತೆ. ವಿಳಾಸ ಕೇಳಿದ ಸುಮಿತ್ರಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅದು ಅವಳ ಬ್ಯಾಂಕಿನ ಎದುರಿನ ಕಟ್ಟಡ, ಕೌಂಟರಿನಲ್ಲಿ ಕೂತು ಕತ್ತೆತ್ತಿದರೆ ಕಾಣುತ್ತದೆ. ಇಲ್ಲಿಗೆ ಬರಲು ಅವಳು ಆ ಬ್ಯಾಂಕಿಗೇ ರಜೆ ಹಾಕಿದ್ದಳು.

"ಇವರ ಮನೆ ಹಾಳಾಗ!" ಎಂದಳು, ಅಚ್ಚ ಕಾಸರಗೋಡಿನ ಕನ್ನಡದಲ್ಲಿ.

"ಯಾರ ಮನೀರೀ?" ಎಂದು ಕೊನೆಯ ಸಾಲಿನಿಂದ ದನಿ ಬಂತು. ಕಂಬದ ಮರೆಯಲ್ಲಿ ಬಿಳಿ ಸಫಾರಿ ತೊಟ್ಟ ಮುದುಕರೊಬ್ಬರು ವಡೆ ತಿನ್ನುತ್ತ ಕೂತಿದ್ದರು. "ಬರ್ರಿ, ಕೂಡ್ರಿ. ಅರವತ್ತು ಮಂದೀದು ಇಬ್ಬರs ತಿನ್ನಬೇಕಾಗೇದ."

ಬೇರೆ ಊರಿನಲ್ಲಿ ಕನ್ನಡ ಕೇಳಿದರೆ ಕೋಪಕ್ಕೂ ಬಾಯಿ ಬರುತ್ತದೆ. ಸುಮಿತ್ರ ಪಕ್ಕದ ಕುರ್ಚಿಯಲ್ಲಿ ಕೂತವಳೇ ಚೀಲದಿಂದ ಲಕೋಟೆಗಳ ಕಟ್ಟು ತೆಗೆದಳು. ನಾಲ್ಕು ವರ್ಷ ಮಹಾಮಂಡಳದಿಂದ ಬಂದ ಪತ್ರಗಳ ಒಂದೊಂದು ಲಕೋಟೆಯನ್ನೂ ಅಂಚೆ ಮುದ್ರೆ ಕಾಣುವ ಹಾಗೆ ಜೋಡಿಸಿ ಇಟ್ಟಿದ್ದಳು.

"ಇದು ನೋಡಿ ಮಾರಾಯ್ರೆ. ಜನವರಿಯಲ್ಲಿ ನಿಯಮ ಬದಲಾಯ್ತು, ನಮಗೆ ಕಾಗದ ಸಿಕ್ಕಿದ್ದು ಮೇಯಲ್ಲಿ. ನಾನು ಹಗ್ಗ ಹಾರ್ಲಿಕ್ಕೆ ಕಲಿಸುವ ಹುಡುಗಿಯರು ಹಳೇ ನಿಯಮದಲ್ಲೇ ಹಾರಿ ಸೋತು ಬಂದ್ರು. ಇದು ನೋಡಿ, ಈ ಸಲದ ರಾಷ್ಟ್ರೀಯ ಆಯ್ಕೆಯ ಅರ್ಜಿ. ನಿನ್ನೆ ಬಂತು. ಕೊನೇ ದಿನ ಯಾವತ್ತು? ಇವತ್ತು! ಕೊಚ್ಚಿ ಹತ್ತಿರ ಅಂಬಲಮುಗಳ್‌ನಲ್ಲಿ ಆಯೇಷಾ ಅಂತ ಹುಡುಗಿ ಉಂಟು, ಅಪ್ಪ ರಿಫೈನರಿಯಲ್ಲಿ ವೆಲ್ಡರ್. ನಿಮಿಷಕ್ಕೆ ನೂರ ಎಂಬತ್ತು ಸಲ ಹಾರ್ತಾಳೆ, ಹಗ್ಗ ಕಣ್ಣಿಗೇ ಕಾಣುದಿಲ್ಲ. ಮುಂದಿನ ವರ್ಷಕ್ಕೆ ಅವಳ ಪ್ರಾಯ ಮೀರ್ತದೆ. ಇವತ್ತು ತಪ್ಪಿದರೆ ಮತ್ತೆ ಇಲ್ಲ. ಆ ಅಧ್ಯಕ್ಷರಿಗೆ ಇದೆಲ್ಲ ಗೊತ್ತುಂಟಾ? ವಾರ್ತಾಪತ್ರ ತುಂಬ ಅವರದ್ದೇ ಫೋಟೋ. ಅದರಲ್ಲೂ ಹಾರ ಬಿಟ್ರೆ ಎಂತ ಕಾಣುದಿಲ್ಲ."

"ಆ ಹಾರದೊಳಗ ಇರಾಂವ ನಾನs," ಎಂದರು ಮುದುಕರು ಮೆಲ್ಲಗೆ. "ರುದ್ರಪ್ಪ ಅಂತ. ಸಭಾ ಬದಲಾದದ್ದು ನನಗೂ ಕಾಗದ ಬಂದಿಲ್ರೀ."

ಸುಮಿತ್ರಳ ಗಂಟಲಲ್ಲಿ ವಡೆ ನಿಂತಿತು. ಅಧ್ಯಕ್ಷರೇ ಎದ್ದು ಹೋಗಿ ಚಹಾ ತಂದುಕೊಟ್ಟರು. ಆಮೇಲೆ ಕಾರ್ಯದರ್ಶಿಗೆ ಫೋನು ಹಚ್ಚಿದರು. ಸ್ವಿಚ್ ಆಫ್. "ಸಭಾದಾಗ ಮೊಬೈಲ್ ಬಂದ್ ಇರಬೇಕು ಅಂತ ಸುತ್ತೋಲೆಗೆ ಸಹಿ ಮಾಡಿದಾಂವನೂ ನಾನs," ಎಂದು ಹಣೆ ಚಚ್ಚಿಕೊಂಡರು. ಅರ್ಜಿಗೆ ತಾವೇ ಸಹಿ ಹಾಕೋಣವೆಂದು ಪೆನ್ನು ತೆಗೆದು ಎರಡೂ ಪುಟ ಹುಡುಕಿದರು. ಕಾರ್ಯದರ್ಶಿಯ ಸಹಿಗೆ ಜಾಗವಿತ್ತು, ಖಜಾಂಚಿಯ ಸಹಿಗಿತ್ತು, ಮೊಹರಿಗೆ ದುಂಡನೆಯ ಮನೆಯೇ ಇತ್ತು. ಅಧ್ಯಕ್ಷರಿಗೆ ಮಾತ್ರ ಎಲ್ಲೂ ಜಾಗವಿರಲಿಲ್ಲ. ಮೊಹರು ಕಾರ್ಯದರ್ಶಿಯ ಜೊತೆ ಕೊಚ್ಚಿಯಲ್ಲಿತ್ತು.

ಕೊನೆಗೆ ಒಂದು ಲಕೋಟೆಯ ಬೆನ್ನಿಗೆ ತಮ್ಮ ನಂಬರು ಬರೆದುಕೊಟ್ಟರು. "ನಿಮಗೇನರೆ ಕಾಗದ ಬಂದ್ರ ನನಗೂ ಒಂದು ಫೋನ್ ಮಾಡ್ರಿ. ಮಂಡಳದಾಗ ಏನ್ ನಡದದ ಅಂತ ನನಗೂ ತಿಳೀಬೇಕಲ್ಲ."

ಸುಮಿತ್ರ ಪಾಲಾರಿವಟ್ಟಂ ಮುಟ್ಟುವಾಗ ಕಟ್ಟಡಕ್ಕೆ ಬೀಗ ಬಿದ್ದಿತ್ತು. ವಾರದಲ್ಲಿ ಆಯ್ಕೆಗೆ ಕರೆದವರ ಪಟ್ಟಿ ಬಂತು, ಆಯೇಷಾಳ ಹೆಸರಿರಲಿಲ್ಲ. ಅದರ ಮೂರನೇ ದಿನ ಮಹಾಮಂಡಳದ ವಾರ್ತಾಪತ್ರ ಬಂತು. ಅದೊಂದು ಹುಟ್ಟಿದಂದಿನಿಂದ ತಡವಾದದ್ದಿಲ್ಲ. ಭಾನುವಾರ ಅಂಬಲಮುಗಳ್‌ನ ಮೈದಾನದ ಕಟ್ಟೆಯಲ್ಲಿ ಕೂತು ಸುಮಿತ್ರ ಮೂರನೇ ಪುಟ ಓದಿದಳು. 'ಪಾಲಾರಿವಟ್ಟಂ ಸಭೆಯಲ್ಲಿ ಅಧ್ಯಕ್ಷರ ಸ್ಫೂರ್ತಿದಾಯಕ ಭಾಷಣ. ತಳಮಟ್ಟದ ಸದಸ್ಯರಿಗಾಗಿ ಹಲವು ಮಹತ್ವದ ಘೋಷಣೆಗಳು.' ಘೋಷಣೆ ಏನೆಂದು ಒಂದಕ್ಷರವಿಲ್ಲ. ಫೋಟೋದಲ್ಲಿ ಅದೇ ಹಳೆಯ ಹಾರ.

"ಪೇರು ವನ್ನೋ, ಚೇಚಿ?" ಹೆಸರು ಬಂತಾ ಎಂದು ಆಯೇಷಾ ಹಾರುತ್ತಲೇ ಕೇಳಿದಳು. ದಿನಾ ಇದೊಂದೇ ಪ್ರಶ್ನೆ. ಸುಮಿತ್ರ ರುದ್ರಪ್ಪ ನಂಬರು ಬರೆದುಕೊಟ್ಟಿದ್ದ ಲಕೋಟೆ ಹುಡುಕಿ ಅವರಿಗೆ ಫೋನು ಮಾಡಿದಳು.

"ಸರ್, ಕಾಗದ ಬಂದ್ರೆ ಹೇಳಿ ಅಂದಿದ್ರಲ್ಲ? ಪಾಲಾರಿವಟ್ಟಂನಲ್ಲಿ ನೀವು ಭಾಷಣ ಮಾಡಿದ್ದೀರಂತೆ. ವಾರ್ತಾಪತ್ರದಲ್ಲಿ ಬಂದುಂಟು."

"ಹೌದೇನ್ರೀ? ಏನಂದೆನಂತ?"

ಸುಮಿತ್ರ ಪುಟ ನೋಡಿದಳು, ಆಮೇಲೆ ಆಯೇಷಾಳನ್ನು ನೋಡಿದಳು. ಹಗ್ಗ ನೆಲಕ್ಕೆ ಟಪಟಪ ಬಡಿಯುತ್ತಿತ್ತು.

"ಕಾಗದ ತಡವಾಗಿ ಸಿಕ್ಕಿದ ಮಕ್ಕಳಿಗೆ ಕೊನೇ ದಿನ ಅಂತ ಇಲ್ಲ, ಅವರೂ ಆಯ್ಕೆಗೆ ಬರಬಹುದು ಅಂತ ಘೋಷಣೆ ಮಾಡಿದ್ದೀರಿ, ಸರ್."

"ಭಾಳ ಚೊಲೋ ಹೇಳೀನಲ್ರೀ!" ಎಂದರು ರುದ್ರಪ್ಪ. "ಅಧ್ಯಕ್ಷ ಸಭಾದಾಗ ಹೇಳಿದ ಮ್ಯಾಲೆ ಮುಗೀತು. ಹುಡುಗೀನ್ನ ಕರಕೊಂಡು ಬರ್ರಿ, ಕಾರ್ಯದರ್ಶಿಗೆ ನಾನು ಹೇಳ್ತೀನಿ." ಫೋನಿಡುವ ಮೊದಲು ದನಿ ತಗ್ಗಿಸಿ ಕೇಳಿದರು, "ಮತ್ತ ಇನ್ನೇನರೆ ಹೇಳೀನೇನು, ಸ್ವಲ್ಪ ನೋಡ್ರಿ."