ಹನ್ನೊಂದು ನಾಯಿ, ಒಂದು ಮರಿ

ನಮ್ಮ ನಡುವೆ ಬಾಳಿದ ಒಬ್ಬ ಮನುಷ್ಯನ ಮೇಲೆ ವಿಷದ ಮಾತು ಬರುವ ಕಥೆ ಇದು. ಹೇಳುವ ಯೋಗ್ಯತೆ ನನಗಿದೆ ಎನ್ನಲಾರೆ. ತಪ್ಪಿದ್ದರೆ ಓದುವವರು ಮನ್ನಿಸಬೇಕು.

"ಬಿಡು! ಬಿಡೋ ಚಿನ್ನಾ, ಬಿಡು!"

ಹಾಲಮ್ಮ ನಾಯಿಮರಿಯ ದವಡೆ ಅಗಲಿಸಿ ಬೆರಳು ತೂರಿಸಿದಳು. ಸಿಕ್ಕಿದ್ದು ಅಂಗಿಯ ಗುಂಡಿ. ಹೋದ ಜೀವ ಬಂದಂತಾಯಿತು.

ಹೆದರಿಕೆಗೆ ಕಾರಣವಿತ್ತು. ಹೋದ ವರ್ಷ, ಎಪ್ಪತ್ತೆಂಟರಲ್ಲಿ, ಅವಳ ಕರಿಯ ಎಂಬ ನಾಯಿ ಬೀದಿಯಲ್ಲಿ ಬಿದ್ದಿದ್ದ ಮಾಂಸದ ತುಂಡು ತಿಂದು, ಮೈ ಸೆಟೆದು, ಬಿಲ್ಲಿನಂತೆ ಬಾಗಿ, ಅವಳ ಕಣ್ಣೆದುರೇ ಸತ್ತಿತ್ತು. ತುಂಡು ಎಸೆದವನು ಅದೇ ಓಣಿಯ ಕೊನೆಮನೆಯ ಗಿಡ್ಡಪ್ಪ. ಕದ್ದು ಮಾಡಿದ ಕೆಲಸವಲ್ಲ, ನೌಕರಿ. ಬೀದಿನಾಯಿ ಕಾಟವೆಂದು ಯಾವ ಓಣಿಯಿಂದ ದೂರು ಬಂದರೆ ಆ ಓಣಿಗೆ ಪಂಚಾಯ್ತಿ ಕಚೇರಿಯವರು ಅವನ ಕೈಯಲ್ಲಿ ವಿಷ ಕೊಟ್ಟು ಕಳಿಸುತ್ತಿದ್ದರು. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿ, ಈ ಯುಗಾದಿಗೆ ನಿವೃತ್ತನಾಗಿದ್ದ.

ಶ್ರಾವಣ ಕಳೆದದ್ದೇ ತಡ, ಮತ್ತೆ ಶುರು ಮಾಡಿದ.

ಬೆಳಕು ಹರಿಯುವ ಹೊತ್ತಿಗೆ ಕೈಗೆ ಬಟ್ಟೆ ಸುತ್ತಿಕೊಂಡು, ತಗಡಿನ ಡಬ್ಬಿ ಹಿಡಿದು ಬರುತ್ತಿದ್ದ. ಆಚೀಚೆ ನೋಡಿ, ಬಾಡಿನ ಸಾರಿನಲ್ಲಿ ಅದ್ದಿದ ಉಂಡೆಗಳನ್ನು ಚರಂಡಿಯ ಅಂಚಿನಲ್ಲಿಟ್ಟು ಹೋಗುತ್ತಿದ್ದ. ಹಾಲಮ್ಮ ಕಿಟಕಿಯಿಂದ ಕಂಡಳು. ಓಣಿಯ ಕುಂಟನಾಯಿ ಒಂದನ್ನು ನುಂಗಿ, ಕಣ್ಣಲ್ಲಿ ನೀರು ಸುರಿಸುತ್ತ ಮೂತಿಯನ್ನು ಮಣ್ಣಿಗೆ ಉಜ್ಜಿತು. ಆದರೆ ಸಾಯಲಿಲ್ಲ. ಅವಳಿಗೆ ಅದೇ ಹೆಚ್ಚು ಭಯ. ನಿಧಾನವಾಗಿ ಕೊಲ್ಲುವ ವಿಷವೂ ಇರುತ್ತದಲ್ಲ.

ಉಂಡೆ ಇಟ್ಟಾದ ಮೇಲೆ ಗಿಡ್ಡಪ್ಪ ಪಕ್ಕದ ಮನೆಯ ಹುಚ್ಚಮ್ಮನ ಹತ್ತಿರ ಮಜ್ಜಿಗೆ ಕೇಳುತ್ತಿದ್ದ. ಕುಡಿಯುತ್ತಿರಲಿಲ್ಲ, ಕೈಗೆ ಸುರಿದುಕೊಳ್ಳುತ್ತಿದ್ದ. ಕಣ್ಣುಗಳು ಕೆಂಪಗಿರುತ್ತಿದ್ದವು.

"ಮಾಡಿದ ಪಾಪ ತೊಳ್ಕೊತಾನೆ ಬಿಡು," ಎಂದು ಹುಚ್ಚಮ್ಮ ನಕ್ಕಳು.

ಹಾಲಮ್ಮ ನಗಲಿಲ್ಲ. ಅವನು ತಿರುವು ದಾಟಿದ ಕೂಡಲೇ ಮೂಗಿಗೆ ಸೆರಗು ಕಟ್ಟಿಕೊಂಡು ಓಡಿಹೋಗಿ, ತನ್ನ ಬಾಗಿಲ ಮುಂದಿನ ಉಂಡೆಗಳನ್ನು ಕಡ್ಡಿಯಲ್ಲಿ ಎತ್ತಿ ತಿಪ್ಪೆಯಲ್ಲಿ ಹೂಳುತ್ತಿದ್ದಳು. ಒಂದನ್ನೂ ಮರಿಯ ಮೂತಿಗೆ ತಾಗಗೊಡಲಿಲ್ಲ.

ಜೊತೆಗೆ ಮರಿಗೆ ಪಾಠ. ಬಾಯಲ್ಲಿದ್ದದ್ದನ್ನು ಬಿಟ್ಟರೆ ಬೆಲ್ಲದ ಚೂರು. ಮರಿ ಎರಡೇ ದಿನದಲ್ಲಿ ಕಲಿಯಿತು. ಕಲಿತದ್ದು ಮಾತ್ರ ಬೇರೆ. ಬೆಲ್ಲ ಬೇಕೆನಿಸಿದಾಗಲೆಲ್ಲ ಬೀದಿಗೆ ಓಡಿ ಮೊಳೆ, ಮೂಳೆ, ಚಪ್ಪಲಿಯ ಪಟ್ಟಿ, ಏನಾದರೂ ಕಚ್ಚಿ ತಂದು ಅವಳ ಮುಂದೆ ಕೂರುತ್ತಿತ್ತು. ಬೆಲ್ಲ ಕಾಣುವವರೆಗೆ ಬಾಯಿ ಬಿಡುತ್ತಿರಲಿಲ್ಲ.

"ಯಾಪಾರ ಕಲಿಸಿದ್ದೀಯ ಕಣೇ," ಎಂದ ಗಂಡ ಅಂಜಿನಪ್ಪ. ರೈಲ್ವೆ ಗ್ಯಾಂಗಿನಲ್ಲಿ ಅವನ ಕೆಲಸ. "ನಾಳೆ ಅರ್ಧ ಅಜ್ಜಂಪುರ ಕಚ್ಕೊಂಡ್ ಬತ್ತದೆ ನೋಡು."

ಅವಳು ಮರಿಯನ್ನು ಹಗ್ಗದಲ್ಲಿ ಕಟ್ಟಿಹಾಕಿದಳು.

ಒಂದು ಸಂಜೆ ಗಿಡ್ಡಪ್ಪನೇ ಬಾಗಿಲಲ್ಲಿ ಬಂದು ನಿಂತ. ಮರಿಯನ್ನೇ ದಿಟ್ಟಿಸಿದ.

"ಯಾಕ್ ತಂಗೀ, ಕಟ್ ಹಾಕಿದ್ದೀಯಾ? ಬೀದಿಗೆ ಬಿಡು. ಒಂದ್ಸಲ ತಿಂದ್ರೆ ಸಾಕು, ಆಮೇಲೆ ಜಲ್ಮದಾಗೆ ತಿನ್ನಾಕಿಲ್ಲ."

ಹಾಲಮ್ಮ ಮರಿಯನ್ನು ಎತ್ತಿಕೊಂಡು ಬಾಗಿಲು ಹಾಕಿಕೊಂಡಳು. ಮಾರನೆಯ ದಿನ ಕಚೇರಿಗೆ ಹೋದಳು. ಗಿಡ್ಡಪ್ಪನ ಹೆಸರು ಹೇಳುವ ಧೈರ್ಯ ಬರಲಿಲ್ಲ.

"ನಮ್ಮ ಓಣೀಲಿ ಯಾರೋ ನಾಯಿಗಳಿಗೆ ವಿಷ ಹಾಕ್ತಾವ್ರೆ ಸ್ವಾಮಿ."

ಗುಮಾಸ್ತ ತಲೆ ಎತ್ತಲಿಲ್ಲ. "ಯಾವ ಓಣಿ? ಎಷ್ಟು ನಾಯಿ?"

"ಸ್ಟೇಷನ್ ಹಿಂದ್ಗಡೆ ಓಣಿ. ಹನ್ನೊಂದು. ನನ್ ಮರಿ ಬಿಟ್ಟು."

"ಹನ್ನೊಂದಾ!" ಅವನು ಬರೆದುಕೊಂಡ. "ಹೋಗಮ್ಮ, ನೋಡ್ಕೋತೀವಿ."

ಮಂಗಳವಾರ ಬೆಳಿಗ್ಗೆ ಓಣಿಗೆ ಬಂದವನು ಮುನಿಯಪ್ಪ, ಗಿಡ್ಡಪ್ಪನ ಜಾಗಕ್ಕೆ ಸೇರಿದ ಹೊಸಬ. ಕೈಯಲ್ಲಿ ಬಕೆಟ್ಟು. ಮನೆ ಮುಂದಿನ ನಲ್ಲಿಯ ಬಳಿಯಿದ್ದ ಹಾಲಮ್ಮನ ಕೊಡ ಜಾರಿ ಬಿತ್ತು. ಮಾಂಸದ ತುಂಡುಗಳನ್ನು ಎಸೆಯುತ್ತ ಅವನು ಓಣಿ ದಾಟಿದ.

ಹನ್ನೊಂದು ನಾಯಿಗಳೂ ಓಡಿ ಬಂದವು. ಓಡಿ ಬಂದವು ಮಾರು ದೂರದಲ್ಲೇ ನಿಂತವು. ಕುಂಟ ಮೂಸಿತು, ಬಾಲ ಮುದುರಿತು, ಹಿಂದೆ ಸರಿಯಿತು. ಒಂದಾದ ಮೇಲೊಂದು ಎಲ್ಲವೂ ಹಾಗೇ ತಿರುಗಿಹೋದವು.

ಬಾಯಿ ಹಾಕಿದ್ದು ಒಂದೇ ಒಂದು. ಹಗ್ಗ ಕಡಿದುಕೊಂಡು ಹೊರಬಿದ್ದಿದ್ದ ಮರಿ ಕೆಂಪು ತುಂಡೊಂದನ್ನು ಕಚ್ಚಿಕೊಂಡು ಕುಣಿಯುತ್ತ ಬಂದು, ಹಾಲಮ್ಮನ ಮುಂದೆ ಕೂತು, ಬಾಲ ಆಡಿಸಿತು.

ಅವಳು ಕೂಗಲಿಲ್ಲ. ಕೂಗಿದರೆ ಬೆಚ್ಚಿ ನುಂಗೀತು. ಮರಿಯ ಮೇಲಿನ ಕಣ್ಣು ಕೀಳದೆ ಹಿಂದಿಂದಕ್ಕೆ ಹೆಜ್ಜೆಯಿಟ್ಟು ಒಳಗೆ ಹೋದಳು. ಮರಿಯೂ ಹಿಂದೆಯೇ ಬಂತು. ಕೈ ತಗುಲಿ ಬೆಲ್ಲದ ಭರಣಿ ಉರುಳಿತು. ಒಂದು ಚೂರು ಕೈಗೆ ಸಿಕ್ಕಿತು.

"ಬಿಡು, ಚಿನ್ನಾ."

ಮರಿ ಬಿಟ್ಟಿತು. ತುಂಡು ಇಡಿಯಾಗಿತ್ತು. ಅವಳು ಅದರ ಬಾಯಿಗೆ ಕೊಡಗಟ್ಟಲೆ ನೀರು ಹೊಯ್ದು ತೊಳೆದು, ಮಡಿಲಲ್ಲಿಟ್ಟುಕೊಂಡು ಕೂತಳು. ಮೈ ಸೆಟೆಯುತ್ತದೆಯೋ ಎಂದು ಕಾಲು ಮುಟ್ಟಿ ಮುಟ್ಟಿ ನೋಡಿದಳು.

ಗಂಟೆ ಕಳೆದ ಮೇಲೆ ಗಿಡ್ಡಪ್ಪ ಏದುಸಿರು ಬಿಡುತ್ತ ಬಂದ. ಬೀದಿಯ ತುಂಡುಗಳನ್ನೆಲ್ಲ ಚೀಲಕ್ಕೆ ಆಯ್ದುಕೊಂಡಿದ್ದ. ಒಳಗೆ ಬಿದ್ದಿದ್ದ ತುಂಡನ್ನು ಕಂಡು ಮರಿಯ ಕಣ್ಣು ಬಿಡಿಸಿ ನೋಡಿದ.

"ನುಂಗಿಲ್ಲ. ನುಂಗಿದ್ರೆ ಇಷ್ಟೊತ್ತಿಗೆ ಮುಗೀತಿತ್ತು. ಅಲ್ಲ ತಂಗೀ, ಇದೊಂದೇ ಹೆಂಗ್ ಬಾಯಿ ಹಾಕ್ತು? ನನ್ ಉಂಡೆ ಒಂದೂ ತಿನ್ಲಿಲ್ವಾ?"

ಅವನು ಕೈಯಲ್ಲಿದ್ದ ತಗಡಿನ ಡಬ್ಬಿಯ ಮುಚ್ಚಳ ತೆಗೆದ. ಒಣಮೆಣಸಿನಕಾಯಿಯ ಘಾಟು ಮೂಗಿಗೆ ಹೊಡೆದು ಹಾಲಮ್ಮ ಸೀನಿದಳು.

"ಬೀದೀಲಿ ಬಿದ್ದಿದ್ದಕ್ಕೆ ಬಾಯಿ ಹಾಕ್ಬಾರ್ದು ಅಂತ ಅವುಕ್ಕೆ ಖಾರ ತಿನ್ಸಿ ಕಲಿಸ್ದೆ. ನಿನ್ ಕರಿಯ ಸತ್ತಾಗಿಂದ ನಿದ್ದೆ ಇಲ್ಲ ನಂಗೆ." ಅವನು ಕೆಂಪು ಕಣ್ಣು ಒರೆಸಿಕೊಂಡ. "ದೂರು ಹೋಗ್ದೆ ಮುನಿಯಪ್ಪ ಬರಾಕಿಲ್ಲ. ಯಾರ್ ಕೊಟ್ರೋ ಪಾಪಿಗಳು?"

"ಗೊತ್ತಿಲ್ಲ ಕಣಣ್ಣಾ," ಎಂದಳು ಹಾಲಮ್ಮ.

ಅವನಿಗೆ ಮುಂದೆ ಗೊತ್ತಾಯಿತೋ ಇಲ್ಲವೋ, ನನಗೂ ತಿಳಿಯದು.